ಹಡಗಿನವರ ಆಯಾ ನಾಗವ್ವ ಪುಣೆಯಲ್ಲಿ ಉಳಿದ ಬಗ್ಗೆ

ನಾನು ಈರಬಸಪ್ಪ ತಂದೆ ಮುರುಗೆಪ್ಪ ಅಂಗಡಿ, ವಯಸ್ಸು 47, ಮೂಲ ಊರು ಬೆಳಗಾವಿ ಜಿಲ್ಲೆಯ ಗೋಕಾಕ, ಸದ್ಯ ವಾಸ ಪುಣೆ ಕ್ಯಾಂಪ್, ಸೆಂಟರ್ ಸ್ಟ್ರೀಟ್ ಹಿಂದಿನ ಚಾಳು, ಖೋಲಿ ನಂಬರ್ 7. ಉದ್ಯೋಗ, ಮುಂಬಯಿ ಬಂದರಿಗೆ ಬರುವ ಹಡಗಿನ ಪ್ರವಾಸಿಗಳಿಗೆ ಪುಣೆ ತೋರಿಸುವ ಒಂದು ಖಾಸಗಿ ಆಫೀಸಿನಲ್ಲಿ ಗೈಡ್. ಯಾರೂ ಕರೆಯದೆ ನಾನಾಗಿ ಚೌಕಿಗೆ ಬಂದು, ಧಾರವಾಡ ಕಡೆಯ ಹವಾಲ್ದಾರ್ ಹೊಳಬಸಪ್ಪನವರ ಕೈಯಿಂದ ಕನ್ನಡದಲ್ಲಿ ಬರೆಯಿಸುವುದೇನೆಂದರೆ,

ನಿನ್ನೆ ಮಂಗಳವಾರ, 17ನೇ ತಾರೀಖು, ಜಗತ್ತು ಸುತ್ತುವ ಒಂದು ಹಡಗಿನ 38 ಮಂದಿ ಬಿಳಿಯ ಪ್ರವಾಸಿಗಳು ಬೋರಿಬಂದರಿನಿಂದ ಸ್ಪೆಶಲ್ ಗಾಡಿಯಲ್ಲಿ ಹೊರಟು ಬೆಳಿಗ್ಗೆ 11ಕ್ಕೆ ಪುಣೆ ಸ್ಟೇಶನ್ನಿಗೆ ಬಂದರು. ಅವರಿಗೆ ಶನಿವಾರವಾಡಾ, ಪರ್ವತಿ ಗುಡ್ಡ, ಬಂಡ್ ಗಾರ್ಡನ್ ತೋರಿಸಿ, ಮಧ್ಯಾಹ್ನ 3-20ಕ್ಕೆ ಅದೇ ಗಾಡಿ ಹತ್ತಿಸಿ ಕಳಿಸುವುದು ನನ್ನ ಕೆಲಸ. ಹಡಗು ಅದೇ ರಾತ್ರಿ ಬಿಡುವುದಿತ್ತು. ನನ್ನ 22 ವರ್ಷದ ಸರ್ವಿಸಿನಲ್ಲಿ ಒಬ್ಬ ಪ್ರವಾಸಿಯೂ ಗಾಡಿ ತಪ್ಪಿಸಿಕೊಂಡಿಲ್ಲ. ಈ ಮಾತನ್ನು ನಾನು ಬೀಗರ ಮನೆಯ ಪಂಕ್ತಿಯಲ್ಲೂ ಹೇಳಿಕೊಂಡವನು.

ಮುಂಬಯಿ ಶಹರದ ಗಡಿಯಾರ ರೈಲ್ವೆ ಗಡಿಯಾರಕ್ಕಿಂತ 39 ನಿಮಿಷ ಹಿಂದೆ ಇರುತ್ತದೆ. ಬಂದರಿನಲ್ಲಿ ನಿಂತ ಆ ಹಡಗೂ ಮುಂಬಯಿ ವೇಳೆಯನ್ನೇ ಹಿಡಿದಿತ್ತು. ಪುಣೆಯಲ್ಲಿ ನಡೆಯುವುದು ರೈಲ್ವೆ ವೇಳೆ. ಆದ್ದರಿಂದ ಗಾಡಿ ಇಳಿದ ಕೂಡಲೇ ಎಲ್ಲರೂ ಗಡಿಯಾರವನ್ನು 39 ನಿಮಿಷ ಮುಂದೆ ಮಾಡಿಕೊಳ್ಳಬೇಕೆಂದು ನಾನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತೇನೆ. ನಿನ್ನೆಯೂ ಹೇಳಿದೆ. ಎಂಟು ತಿಂಗಳ ಮಗುವಿದ್ದ ಒಬ್ಬ ಮೇಮ್‌ಸಾಹೇಬರು ಮಾತ್ರ ತಮ್ಮ ಬಂಗಾರದ ಗಡಿಯಾರ ತಿರುಗಿಸಲಿಲ್ಲ. ಮಗುವಿಗೆ ಹಾಲು ಕೊಡುವುದು ಹಡಗಿನ ವೇಳೆಗೆ, ಅದು ಕೆಡಬಾರದು ಎಂದರು. ಸಾಹೇಬರ ಚಾಕರಿಯವರಿಗೆ ಈ 39 ನಿಮಿಷದ ಸಂಗತಿ ಹೇಳುವ ರೂಢಿ ನಮ್ಮ ಆಫೀಸಿನಲ್ಲಿಲ್ಲ. ಅವರ ಹತ್ತಿರ ಗಡಿಯಾರ ಎಲ್ಲಿಂದ ಬರಬೇಕು?

ಆ ಮಗುವನ್ನು ಎತ್ತಿಕೊಂಡಿದ್ದ ಆಯಾ ನಾಗವ್ವ, ವಯಸ್ಸು ಸುಮಾರು 30. ನಾನು ಒಬ್ಬ ಟಾಂಗಾದವನಿಗೆ ಕನ್ನಡದಲ್ಲಿ ಬೈದದ್ದನ್ನು ಕೇಳಿ, ಬಂಡ್ ಗಾರ್ಡನ್‌ನಲ್ಲಿ 1-40ರ ಸುಮಾರಿಗೆ ನನ್ನ ಹತ್ತಿರ ಬಂದಳು. ತಾನು ಧಾರವಾಡದವಳು, ಗಂಡ ತೀರಿದ ಮೇಲೆ ಮಗಳು ಇಂದೂಳನ್ನು ರಾಸ್ತಾ ಪೇಠದಲ್ಲಿರುವ ಅಕ್ಕನ ಮನೆಯಲ್ಲಿ ಬಿಟ್ಟು ವಿಲಾಯತಿಗೆ ಹೋಗಿ ಐದು ವರ್ಷವಾಯಿತು, ಇನ್ನು ಇದೇ ಹಡಗಿನಲ್ಲಿ ಮುಂದೆ ಹೋಗಬೇಕು ಎಂದಳು. "ಕೂಸಿನ ಮಾರಿ ಒಮ್ಮೆ ನೋಡಿ ಬರ್ತೀನ್ರಿ ಅಣ್ಣಾರ, ಬಾಯಿಯವರಿಗೆ ನೀವ ಒಂದ ಮಾತ ಹೇಳ್ರಿ" ಎಂದು ಕೇಳಿದಳು.

ನಾನು ಮೇಮ್‌ಸಾಹೇಬರಿಗೆ ಹೇಳಿದೆ. ಅವರು ಒಳ್ಳೆಯ ಮನಸ್ಸಿನಿಂದಲೇ ಒಪ್ಪಿದರು. ಮಗುವನ್ನು ತಾವು ಎತ್ತಿಕೊಂಡು, ಹೊತ್ತು ಮೀರದೆ ಬರಲಿ ಎಂದು ತಮ್ಮ ಗಡಿಯಾರವನ್ನು ತಾವೇ ಆಕೆಯ ಸೆರಗಿಗೆ ಸಿಕ್ಕಿಸಿದರು. ಮಗುವಿನ ಹಾಲಿನ ವೇಳೆಗಾಗಿ ಆಕೆ ಗಡಿಯಾರ ನೋಡಲು ಕಲಿತಿದ್ದಳು. ಇದನ್ನು ಎರಡು ಮೊಳ ದೂರದಲ್ಲಿ ನಿಂತು ಕಣ್ಣಾರೆ ನೋಡಿದ್ದೇನೆ. ಮೂರು ಗಂಟೆಗೆ ಸ್ಟೇಶನ್ನಿನಲ್ಲಿರಬೇಕು ಎಂದು ನಾಗವ್ವನಿಗೆ ಹೇಳಿದವನು ನಾನೇ. ಯಾವ ಗಡಿಯಾರದ ಮೂರು ಎಂದು ಹೇಳಲಿಲ್ಲ. 1-50ಕ್ಕೆ ಸ್ಟೇಶನ್ನಿನ ನನ್ನ ಗುರುತಿನ ಮಲಕಪ್ಪನ ಟಾಂಗಾದಲ್ಲಿ ಕೂರಿಸಿ ಕಳಿಸಿದೆ.

3-10ಕ್ಕೆ ಎಲ್ಲರೂ ಗಾಡಿ ಹತ್ತಿದರು. ನಾಗವ್ವ ಬಂದಿರಲಿಲ್ಲ. ಮಗು ಒಂದೇ ಸಮನೆ ಅಳುತ್ತಿತ್ತು. ಆಯಾ ಎಲ್ಲಿ ಎಂದು ಮೇಮ್‌ಸಾಹೇಬರು ಮೂರು ಸಲ ಕೇಳಿದರು. ಸ್ಪಷ್ಟವಾಗಿ ಮೂರು ಗಂಟೆ ಎಂದು ಹೇಳಿದ್ದೇನೆ, ಮಗಳ ಮುಖ ನೋಡಿದ ಮೇಲೆ ಇಂಥವರು ತಿರುಗಿ ಬರುವುದು ಸಂಶಯ ಎಂದು ಉತ್ತರ ಕೊಟ್ಟೆ. ಇಂಥವರು ಎಂಬ ಮಾತು ನನ್ನ ಬಾಯಲ್ಲಿ ಯಾಕೆ ಬಂತೋ ತಿಳಿಯದು. ನನ್ನ ತಾಯಿಯೂ ಗೋಕಾಕದಲ್ಲಿ ಮಂದಿಯ ಮನೆಯ ಭಾಂಡೆ ತಿಕ್ಕಿ ನನ್ನನ್ನು ಓದಿಸಿದವಳು. ಗಾಡಿ ಸರಿಯಾಗಿ 3-20ಕ್ಕೆ ಬಿಟ್ಟಿತು.

3-34ಕ್ಕೆ ನಾಗವ್ವ ಪ್ಲಾಟ್‌ಫಾರ್ಮಿಗೆ ಬಂದಳು. ಓಡಿ ಬರಲಿಲ್ಲ, ನಡೆದೇ ಬಂದಳು, ಮುಖ ಗೆಲುವಾಗಿತ್ತು. ನಾನು ಕೇಳದಿದ್ದರೂ ಹೇಳಿದಳು. ಮಗಳು ಮೊದಲು ಗುರುತು ಹಿಡಿಯದೆ ದೊಡ್ಡವ್ವನ ಹಿಂದೆ ಅಡಗಿದಳಂತೆ. ಆಮೇಲೆ ತಾನಾಗಿ ಬಂದು ತಲೆ ಬಾಚಿಸಿಕೊಳ್ಳಲು ಮುಂದೆ ಕೂತಳಂತೆ. "ಎರಡ ಹೆರಳ ಹಾಕು ಅಂದ್ಳರಿ. ಒಂದ ಹಾಕಿದೆ. ಇನ್ನೊಂದ ಹಾಕೂದ್ರಾಗ ಹೊತ್ತಾಗ್ತದಂತ ಅರ್ಧಕ್ಕ ಬಿಟ್ಟು ಎದ್ದ ಬಂದೆ. ನಿಮ್ಮ ಮಾತ ಉಳಸಬೇಕಲ್ರಿ" ಎಂದಳು. ಗಾಡಿ ಇನ್ನೂ ಯಾಕೆ ಬಂದು ನಿಂತಿಲ್ಲ ಎಂದು ಆಮೇಲೆ ಕೇಳಿದಳು.

ನಾನು ಆಕೆಯ ಸೆರಗಿನ ಗಡಿಯಾರ ನೋಡಿದೆ. ಅದರಲ್ಲಿ ಐದು ನಿಮಿಷ ಕಮ್ಮಿ ಮೂರು. ಎಲ್ಲಾ ಆಗ ತಿಳಿಯಿತು. ಅದು ಇನ್ನೂ ಹಡಗಿನ ವೇಳೆಯಲ್ಲೇ ಇತ್ತು.

ಆಗಲೂ ದಾರಿ ಇತ್ತು. 4-05ಕ್ಕೆ ಮುಂಬಯಿ ಮೇಲ್ ಇತ್ತು, ಅದಕ್ಕೆ ಹತ್ತಿಸಿದ್ದರೆ ಹಡಗು ಬಿಡುವ ಒಂದು ತಾಸು ಮೊದಲೇ ಬಂದರು ಮುಟ್ಟುತ್ತಿದ್ದಳು. ತಾರ್ ಆಫೀಸು ನಾನು ನಿಂತಲ್ಲಿಂದ 30 ಹೆಜ್ಜೆ. ಆದರೆ ಹತ್ತಿಸಬೇಕಾದರೆ ತಪ್ಪು ನನ್ನದೆಂದು ಆಫೀಸಿಗೂ ಮೇಮ್‌ಸಾಹೇಬರಿಗೂ ತಿಳಿಸಬೇಕಾಗುತ್ತಿತ್ತು. ನಾನು ನಾಗವ್ವನಿಗೆ, ಇಲ್ಲೇ ಬೆಂಚಿನ ಮ್ಯಾಲೆ ಕೂಡವ್ವಾ, ಗಾಡಿ ಬರ್ತದ ಎಂದು ಹೇಳಿ, ಪಾರ್ಸೆಲ್ ಆಫೀಸಿನ ಬಾಗಿಲಿನಿಂದ ಹೊರಗೆ ನಡೆದೆ. ನೌಕರಿಯ ಹೆದರಿಕೆ ಒಂದು, 22 ವರ್ಷದ ಜಂಬ ಇನ್ನೊಂದು. ಯಾವುದು ದೊಡ್ಡದು ಎಂದು ಹವಾಲ್ದಾರರು ಕೇಳಿದರು. ಜಂಬವೇ ದೊಡ್ಡದು ಎಂದು ಬರೆದುಕೊಳ್ಳಲು ಹೇಳಿದ್ದೇನೆ.

ಇಂದು ಬುಧವಾರ ಬೆಳಿಗ್ಗೆ 7-30ಕ್ಕೆ ಟಾಂಗಾದ ಮಲಕಪ್ಪ ನನ್ನ ಮನೆಗೆ ಬಂದ. ಆಯಾ ಬಂಗಾರದ ಗಡಿಯಾರ ಸಮೇತ ಓಡಿಹೋದಳೆಂದು ಲೋಣಾವಳೆಯಿಂದ ಮೇಮ್‌ಸಾಹೇಬರು ತಾರು ಕೊಟ್ಟರೆಂದೂ, ನಿನ್ನೆ ಸಂಜೆ 6-10ಕ್ಕೆ ಅದೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪೊಲೀಸರು ಕಳ್ಳಿಯನ್ನು ಹಿಡಿದರೆಂದೂ ಹೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ನನ್ನ ಕೈ ತಾಟಿನ ಮೇಲೆಯೇ ನಿಂತಿತು. ಹೆಂಡತಿ ಚನ್ನಬಸವ್ವ ಅದನ್ನು ನೋಡಿ, ಮಲಕಪ್ಪ ಹೋದ ಮೇಲೆ ನನ್ನಿಂದ ಎಲ್ಲಾ ಬಿಡಿಸಿ ಕೇಳಿಕೊಂಡಳು. ಬೈಯಲಿಲ್ಲ. "ಎರಡು ತಾಸಿನ ಮ್ಯಾಲೆ ಆಕಿ ನೀವು ಹೇಳಿದಲ್ಲೇ ಕುಂತಿದ್ಳಲ್ರಿ" ಎಂದಷ್ಟೇ ಅಂದು ತಾಟು ಎತ್ತಿ ಒಳಗೆ ಇಟ್ಟಳು. 8-20ಕ್ಕೆ ನಾನು ಚೌಕಿಗೆ ಬಂದೆ.

ನಾಗವ್ವ ಕಳ್ಳಿ ಅಲ್ಲ, ಓಡಿಹೋದವಳೂ ಅಲ್ಲ. ಗಡಿಯಾರ ಕೊಟ್ಟವರು ಅದರ ಧಣಿಯೇ. ಆಕೆ ನಾನು ಹೇಳಿದ ವೇಳೆಗೆ ಐದು ನಿಮಿಷ ಮೊದಲೇ ಬಂದಳು. ಆಕೆಯ ನೌಕರಿ ಹೋಯಿತು, ಹಡಗು ಹೋಯಿತು, ಅದನ್ನು ತಿರುಗಿ ತರುವುದು ನನ್ನ ಕೈಯಲ್ಲಿಲ್ಲ. ಆಕೆಯ ಹೆಸರಿಗೆ ಹತ್ತಿದ ಮಸಿಯನ್ನಾದರೂ ಒರೆಸಿ, ಇಂದೇ ಅಕ್ಕನ ಮನೆಗೆ ಕಳಿಸಬೇಕು. ಆಫೀಸಿನವರು ಇದಕ್ಕಾಗಿ ನನ್ನನ್ನು ತೆಗೆದರೆ ನನ್ನ ತಕರಾರಿಲ್ಲ.

ಬರೆದದ್ದನ್ನು ಹವಾಲ್ದಾರರು ನನಗೆ ಓದಿ ಹೇಳಿದರು. ನಾನು ನುಡಿದದ್ದೇ ಇದೆ, ಹೆಚ್ಚು ಕಡಿಮೆ ಇಲ್ಲ, ಯಾರ ಒತ್ತಾಯವೂ ಇಲ್ಲ. ಒಂದೇ ವಿನಂತಿ. ನಾಗವ್ವನಿಗೆ ಓದಲು ಬರುವುದಿಲ್ಲ. ತಾನು ಎಲ್ಲಿ ತಪ್ಪಿದೆ ಎಂದು ಆಕೆ ರಾತ್ರಿಯೆಲ್ಲ ಪಹರೆಯವರನ್ನು ಕೇಳುತ್ತಿದ್ದಳೆಂದು ಹವಾಲ್ದಾರರು ಹೇಳಿದರು. ಈ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಆಕೆಗೆ ಕನ್ನಡದಲ್ಲಿ ಓದಿ ಹೇಳಬೇಕು. ಓದಿ ಮುಗಿಯುವ ತನಕ ನಾನು ಆಕೆಯ ಎದುರಿಗೆ ನಿಂತಿರುತ್ತೇನೆ.

ಸ್ಥಳ: ಪುಣೆ ಸ್ಟೇಶನ್ ಪೊಲೀಸ್ ಚೌಕಿ
ತಾರೀಖು: 18 ಫೆಬ್ರುವರಿ 1931, ಬೆಳಿಗ್ಗೆ 9-45, ರೈಲ್ವೆ ವೇಳೆ
ಸಹಿ: ಈರಬಸಪ್ಪ ಮುರುಗೆಪ್ಪ ಅಂಗಡಿ