ದಾರಿ ಹೇಳಿ ಹೋಗಿ

ಮರಳುಗಾಡಿಗೆ ಒಬ್ಬರೇ ಇಳಿಯುವವರು ಕೊನೆಯ ಚಹಾದಂಗಡಿಯಲ್ಲಿ ದಾರಿ ಹೇಳಿ ಹೋಗಬೇಕು. ಹೊತ್ತು ಮುಳುಗುವುದರೊಳಗೆ ತಲುಪಿದ ಸುದ್ದಿ ಬರದಿದ್ದರೆ ಊರವರು ಒಂಟೆ ಹತ್ತಿ ಹುಡುಕಲು ಹೊರಡುತ್ತಾರೆ. ಅದು ಆ ಸೀಮೆಯ ಧರ್ಮ. ಜೈಪುರದ ಕಡೆಯಿಂದ ಒಬ್ಬಳೇ ಜೀಪು ಓಡಿಸಿಕೊಂಡು ಬಂದಿದ್ದ ಹೆಂಗಸಿಗೆ ಅದು ತಿಳಿದಿರಲಿಲ್ಲ. ಚಹಾ ಕಾಸುತ್ತಿದ್ದ ಧಾಪೂಬಾಯಿ ಹೊರಗಿನ ಮಾತಿಗೆ ಕಿವಿಗೊಟ್ಟಳು.

"ಎತ್ತ ಕಡೆ ಹೊರಟ್ರಿ ಬಾಯಿಸಾ?" ಅಂಗಡಿಯ ಮುಂದೆ ಕೂತಿದ್ದ ಮುದುಕ ಜೇಠಾರಾಮ ಕೇಳಿದ.

"ನಿಮಗ್ಯಾಕೆ ಕಾಕಾಸಾ?"

"ಒಬ್ರೇ ಇದ್ದೀರಾ?"

"ಹಿಂದೆ ಅಣ್ಣಂದಿರು ಬರ್ತಿದ್ದಾರೆ. ನಾಲ್ಕು ಜನ."

"ಬರ್ಲಿ, ಬರ್ಲಿ. ಗಾಡಿ ಹೂತುಹೋದ್ರೆ ಬಿಟ್ಟು ನಡೀಬೇಡಿ, ಅದರ ನೆರಳಲ್ಲೇ ಕೂತಿರಿ. ತಲುಪಿದ್ಮೇಲೆ ಅಂಗಡಿಗೊಂದು ಫೋನ್ ಮಾಡಿ. ಯಾವ ದಾರಿ ಅಂತ ಮಾತ್ರ ಹೇಳಿ ಹೋಗಿ."

"ಎಲ್ಲರನ್ನೂ ಹೀಗೇ ವಿಚಾರಿಸ್ತೀರೋ, ಹೆಂಗಸರನ್ನ ಮಾತ್ರಾನೋ?"

"ಮೀಸೆ ಇದ್ದವರನ್ನೂ ಕೇಳ್ತೀನಿ. ಅವರು ಇಷ್ಟು ಬೈಯಲ್ಲ."

"ಬಲಗಡೆ ದಾರಿ. ಸಾಕಾ?"

ಜೀಪು ಕವಲಿನವರೆಗೆ ಹೋಗಿ ಎಡಕ್ಕೆ ಹೊರಳಿತು.

"ಸುಳ್ಳು ಹೇಳಿದ್ಲಲ್ಲೋ ಜೇಠಾ!" ಎಂದಳು ಧಾಪೂಬಾಯಿ.

ಅವನು ಎದ್ದು, ತಾನು ಕೂತಿದ್ದ ಹಗ್ಗದ ಮಂಚವನ್ನು ಎಡದಾರಿ ಕಾಣುವಂತೆ ತಿರುಗಿಸಿ ಹಾಕಿಕೊಂಡು ಕೂತ.