ದೋಣಿ ಮಗುಚಿಲ್ಲವೆಂಬ ಸರ್ಟಿಫಿಕೇಟು

"ಹಲೋ... ಹಲೋ... ಯಾರು ಮಾತಾಡ್ತಿರೋದು? ಬೆಂಗಳೂರಾ? ಹಾಯಿದೋಣಿ ಸಮಿತಿ ಆಫೀಸಾ?... ಹಾಂ, ಕೇಳಿಸ್ತಿದೆ. ತಾವು ಯಾರು?... ಗುಮಾಸ್ತರಾ? ನಮಸ್ಕಾರ ಸ್ವಾಮಿ. ನಾನು ಹೊಸಕೋಟೆಯಿಂದ, ಡ್ರಿಲ್ ಮೇಷ್ಟ್ರು ಆವಲಪ್ಪ..."

ನಮಸ್ಕಾರ ಅಂದವನು ಬರೀ ಬಾಯಲ್ಲಿ ಅನ್ನಲಿಲ್ಲ. ಎರಡು ಕೈಯನ್ನೂ ಜೋಡಿಸಲು ಹೋಗಿ ರಿಸೀವರನ್ನು ಅಂಚೆ ಕಚೇರಿಯ ಮೇಜಿನ ಮೇಲೆ ಬೀಳಿಸಿದ. ಹದಿನಾರು ವರ್ಷದಿಂದ ಹೊಸಕೋಟೆ ಮಿಡ್ಲ್ ಸ್ಕೂಲಿನ ಮಕ್ಕಳನ್ನು ಎಡಕ್ಕೂ ಬಲಕ್ಕೂ ತಿರುಗಿಸಿದ ಮನುಷ್ಯ ಇವನು. ಇವನು ಒಂದು ಸಲ ಕೂಗಿದರೆ ಸಂತೆಗೆ ಹೊರಟ ಎತ್ತುಗಳೂ ನೆಟ್ಟಗೆ ನಿಲ್ಲುತ್ತಿದ್ದವು. ಅಂಥವನ ಗಂಟಲು ಆವತ್ತು ಕೀರಲಾಗಿತ್ತು. ಎದುರಿನ ಬೆಂಚಿನ ತುದಿಯಲ್ಲಿ, ಬೇಡ ಅಂದರೂ ಜೊತೆಗೆ ಬಂದಿದ್ದ ಹೆಂಡತಿ ಮುನಿತಾಯಮ್ಮ ಸೆರಗು ಹೊದ್ದು ಕೂತಿದ್ದಳು.

"ಇದ್ದೀನಿ, ಇದ್ದೀನಿ ಸ್ವಾಮಿ. ಬಿದ್ದೋಯ್ತು... ದೋಣಿ ಅಲ್ಲ, ಫೋನು... ಅದೇ, ಸೋಮವಾರ ಶುರುವಾಗುತ್ತಲ್ಲ, ಹಾಯಿದೋಣಿ ಕಲಿಸೋ ಮೇಷ್ಟ್ರಿಗೆ ತರಬೇತಿ, ಅದರ ವಿಚಾರ. ನಿಮ್ಮ ಕಾಗದ ಬಂತು. 'ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ' ಅಂತ ಒಂದೇ ಸಾಲು. ಯಾಕೆ ಅಂತಾನೇ ಬರೆದಿಲ್ವಲ್ಲ ಸ್ವಾಮಿ?..."

"ಸರ್ಟಿಫಿಕೇಟಾ? ಪಟೇಲ್ ವೆಂಕಟರಾಯಪ್ಪನವರದ್ದು ಇಟ್ಟಿದ್ದೆ, ಅಲ್ವಾ?... ಹಾಂ, ಅದೇ ಅದೇ. ಎಲ್ಲಿ, ಒಂದ್ಸಲ ಓದಿ... 'ಸದರಿ ಆವಲಪ್ಪನವರು ಸದಾಚಾರಿಗಳಾಗಿದ್ದು, ಇವರಾಗಲಿ, ಇವರ ತಂದೆಯಾಗಲಿ, ತಾತನಾಗಲಿ ಇದುವರೆಗೆ ಒಮ್ಮೆಯೂ ದೋಣಿ ಮಗುಚಿದವರಲ್ಲ.' ಸರಿಯಾಗಿದೆಯಲ್ಲ ಸ್ವಾಮಿ! ರುಜು ಇದೆ, ಮೊಹರು ಇದೆ. ಮತ್ತಿನ್ನೇನು ಬೇಕು?..."

"ಏನು?... ಮಗುಚಿರಲೇಬೇಕಾ?"

ಆವಲಪ್ಪ ಬೆಂಚಿನ ಕಡೆ ತಿರುಗಿ ನೋಡಿದ. ಮುನಿತಾಯಮ್ಮ ಗೋಡೆಯ ಕ್ಯಾಲೆಂಡರನ್ನು ನೋಡತೊಡಗಿದಳು. ಅಕ್ಷರ ಬಾರದವಳಿಗೆ ಆ ಗಳಿಗೆಯಲ್ಲಿ ಕ್ಯಾಲೆಂಡರಿನ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿಬಿಟ್ಟಿತ್ತು.

"ಎಷ್ಟು ಸಲ?... ಕಮ್ಮಿ ಅಂದ್ರೂ ಆರು ಸಲಾನಾ? ಮಗುಚಬೇಕು, ಎತ್ತಿ ನಿಲ್ಲಿಸಬೇಕು, ಮತ್ತೆ ಹತ್ತಬೇಕು. ಅದಕ್ಕೆ ಮರ್ಯಾದಸ್ಥರ ಸಾಕ್ಷಿ ಬೇಕು... ಇಲ್ಲದಿದ್ರೆ ಕಲಿಸೋಕೆ ಲಾಯಕ್ಕಿಲ್ಲ. ಸ್ವಾಮಿ, ಮಗ್ಗಿ ಬರದವನು ಲೆಕ್ಕದ ಮೇಷ್ಟ್ರಾಗಬೇಕು ಅನ್ನೋ ಹಾಗಾಯ್ತಲ್ಲ ಇದು! ಯಾರು ಮಾಡಿದ್ದು ಈ ಕಾನೂನು?... ಸಮುದ್ರದ ಕಡೆಯವರಾ? ನಮ್ಮದು ಕೆರೆ ಸ್ವಾಮಿ..."

ಪಟೇಲರನ್ನು ದೂರಿ ಪ್ರಯೋಜನವಿರಲಿಲ್ಲ. 'ದೋಣಿ ಎಷ್ಟು ಬಾರಿ ಮಗುಚಿದೆ?' ಎಂದು ಅರ್ಜಿಯಲ್ಲಿ ಕೇಳಿದ್ದನ್ನು ಅವರು 'ಎಷ್ಟು ಬಾರಿ ಜೈಲಿಗೆ ಹೋಗಿದ್ದೀರಿ?' ಎಂದು ಕೇಳಿದ ಹಾಗೇ ಓದಿಕೊಂಡಿದ್ದರು. ಅವರು ಕಂಡಿದ್ದ ಸರ್ಟಿಫಿಕೇಟುಗಳೆಲ್ಲ ಕುಡಿಯುವುದಿಲ್ಲ, ಕದಿಯುವುದಿಲ್ಲ, ಜಗಳಕ್ಕೆ ಹೋಗುವುದಿಲ್ಲ ಎನ್ನುವ ಜಾತಿಯವು. ತಮ್ಮ ಊರಿನವನಿಗೆ ಒಳ್ಳೆಯದಾಗಲಿ ಎಂದು, ಜನ್ಮದಲ್ಲಿ ದೋಣಿಯನ್ನೇ ನೋಡದ ಅಪ್ಪ ತಾತಂದಿರನ್ನೂ ತಾವಾಗಿ ಸೇರಿಸಿ ಬರೆದುಕೊಟ್ಟಿದ್ದರು.

"ಇಲ್ಲ ಸ್ವಾಮಿ, ಪಟೇಲರು ಇನ್ನೊಂದು ಬರೆದುಕೊಡಲ್ಲ... ಇದನ್ನ ಬರೆಸುವಾಗ್ಲೇ ಕೇಳಿದ್ದೆ. ಅಕಸ್ಮಾತ್ ಮಗುಚಿದ್ರೆ ಏನಂತ ಬರೀತೀರಿ ಅಂತ. 'ನಮ್ಮ ಕೆರೇಲಿ ದೋಣಿ ಮಗುಚಿತು ಅಂತ ಬರೆದುಕೊಟ್ರೆ ಊರಿನ ಮಾನ ಏನಾಗಬೇಕೋ? ಗಂಗಮ್ಮನಿಗೆ ಪೂಜೆ ಮಾಡಿ ನೀರಿಗಿಳಿಸಿದ ದೋಣಿ ಕಣೋ ಅದು' ಅಂದ್ಬಿಟ್ರು..."

"ಹಾಗನ್ನಬೇಡಿ. ಸೀಟು ಹೋದ್ರೆ ಮುಂದಿನ ವರ್ಷ ಅನ್ನಬೇಡಿ. ನಿಮ್ಮ ಕಾಗದದ ಹಿಂದುಗಡೆ ಇನ್ನೊಂದು ಸಾಲಿದೆಯಲ್ಲ... ಹಾಂ, ಅದೇ. 'ತರಬೇತಿ ಪಡೆದ ಶಿಕ್ಷಕರಿಲ್ಲದ ಊರಲ್ಲಿ ದೋಣಿ ಇರಕೂಡದು. ಮಂಗಳವಾರ ಲಾರಿ ಬಂದು ಕೊಂಡೊಯ್ಯುವುದು.' ಲಾರಿ ನಿಜವಾಗ್ಲೂ ಬರುತ್ತಾ?... ಹೊರಟೂ ಆಯ್ತಾ ಹುಕುಂ?"

ಯುದ್ಧದ ಕಾಲದಲ್ಲಿ ಕೆರೆಯ ಪಕ್ಕ ಬಿಡಾರ ಹೂಡಿದ್ದ ದಂಡು ಹೊರಟಾಗ ಬಿಟ್ಟುಹೋಗಿದ್ದ ದೋಣಿ ಅದು. ಮೊದಲ ವರ್ಷ ಅದರಲ್ಲಿ ಯಾರೋ ಹುರುಳಿ ಹೊಟ್ಟು ತುಂಬಿಟ್ಟರು, ಆಮೇಲೆ ಕೋಳಿಗಳು ಕಾವಿಗೆ ಕೂತವು. ಆ ಕೋಳಿಗಳನ್ನು ಎಬ್ಬಿಸಿ, ಬಿರುಕಿಗೆಲ್ಲ ಅರಗು ಮೆತ್ತಿ, ಹರಕು ಡೇರೆಯ ಬಟ್ಟೆಯಿಂದ ಹಾಯಿ ಹೊಲಿಸಿದವನು ಆವಲಪ್ಪ. ಬೆಳಗಿನ ಜಾವ ಯಾರೂ ಏಳುವ ಮೊದಲು ಕೆರೆಗಿಳಿಯುತ್ತಿದ್ದ. ಬಾಯಲ್ಲಿ ಸೀಟಿ. "ಹಾಯಿ... ಏರಿಸ್! ದೋಣಿ... ಬಲಕ್ಕೆ ತಿರುಗ್!" ಅನ್ನುತ್ತಿದ್ದ. ದೋಣಿ ಅದರ ಇಷ್ಟ ಬಂದ ಕಡೆ ತಿರುಗುತ್ತಿತ್ತು. ಹದಿನಾರು ವರ್ಷದಲ್ಲಿ ತನ್ನ ಮಾತು ಕೇಳದ್ದು ಅಂತ ಸಿಕ್ಕಿದ್ದು ಅದೊಂದೇ. ಅದಕ್ಕೇ ಅವನಿಗೆ ಅದರ ಮೇಲೆ ಪ್ರಾಣ.

"ಯಾರದು ಮಧ್ಯೆ?... ಎಕ್ಸ್‌ಚೇಂಜಾ? ಮೂರು ನಿಮಿಷ ಆಯ್ತಾ ತಾಯಿ? ಇನ್ನೊಂದು ಮೂರು ನಿಮಿಷ ಕೊಡಮ್ಮ, ನಿನ್ನ ಹೊಟ್ಟೆ ತಣ್ಣಗಿರಲಿ... ಹಲೋ, ಗುಮಾಸ್ತರು ಇದ್ದೀರಾ? ಸ್ವಾಮಿ, ಒಂದು ಮಾತು. ಸಣ್ಣ ದನೀಲಿ ಹೇಳ್ತೀನಿ... ಮಗುಚಿದೆ."

"ಮಗುಚಿದೆ ಅಂದೆ... ಕೇಳಿಸ್ಲಿಲ್ವಾ?... ದೋಣಿ ಮಗುಚಿದೆ!"

ಕೊನೆಯ ಮಾತು ಡ್ರಿಲ್ಲಿನ ದನಿಯಲ್ಲಿ ಬಂತು. ಪೋಸ್ಟ್‌ಮಾಸ್ಟರು ಮುದ್ರೆ ಒತ್ತುವುದನ್ನು ನಿಲ್ಲಿಸಿ ತಲೆಯೆತ್ತಿದರು. ಇನ್ನು ಸಾಯಂಕಾಲದೊಳಗೆ ಈ ಸುದ್ದಿ ಹೆಂಡತಿಯ ತವರು ನಂದಗುಡಿಯನ್ನೂ ಮುಟ್ಟುವುದು ಗ್ಯಾರಂಟಿ ಎಂದು ಆವಲಪ್ಪನಿಗೆ ಗೊತ್ತಾಯಿತು. ಮಾನ ಹೋದ ಮೇಲೆ ಮನುಷ್ಯನಿಗೆ ಒಂಥರಾ ಧೈರ್ಯ ಬರುತ್ತದೆ. ಅವನಿಗೂ ಬಂತು.

"ಎಷ್ಟು ಸಲ ಅಂದ್ರೆ... ಒಂದಷ್ಟು ಸಲ. ಆರಕ್ಕೇನೂ ಮೋಸ ಇಲ್ಲ... ಖಚಿತವಾಗಿ ಬೇಕಾ? ಇರಿ. ಲೇ ಇವಳೇ, ಎಷ್ಟು ಸಲವೇ?... ಮೂವತ್ತೊಂದಂತೆ ಸ್ವಾಮಿ. ಒದ್ದೆ ಬಟ್ಟೇಲಿ ಮನೆಗೆ ಬಂದಾಗೆಲ್ಲ ಒಲೆ ಗೋಡೆ ಮೇಲೆ ಇದ್ದಿಲಲ್ಲಿ ಒಂದೊಂದು ಗೆರೆ ಎಳೆದಿದ್ದಾಳಂತೆ. ನಾನು ಹಾಲಿನ ಲೆಕ್ಕ ಅಂದ್ಕೊಂಡಿದ್ದೆ..."

"ಎತ್ತೋದಾ? ಮಗುಚಿದ್ದನ್ನ ಎತ್ತಿ ನಿಲ್ಲಿಸೋದು ಹೇಗೆ ಅಂತಾನಾ? ಅದು... ಎತ್ತೋದು ಸ್ವಾಮಿ. ಎರಡು ಕೈಯಲ್ಲಿ... ಒಂದೊಂದಾಗಿ ಹೇಳಬೇಕಾ? ಪರೀಕ್ಷೆನಾ ಇದು?"

ಆವಲಪ್ಪ ಬೆವೆತುಬಿಟ್ಟ. ಮೂವತ್ತೊಂದು ಸಲವೂ ದೋಣಿ ಮಗುಚಿದಾಗ ಅವನು ಮಾಡಿದ್ದು ಒಂದೇ ಕೆಲಸ. ಕಣ್ಣು ಮುಚ್ಚಿಕೊಂಡು ಸಿಕ್ಕಿದ್ದನ್ನು ತಬ್ಬಿಕೊಂಡಿದ್ದ. ಕಣ್ಣು ಬಿಡುವಷ್ಟರಲ್ಲಿ ದೋಣಿ ತಾನಾಗಿ ನೆಟ್ಟಗಾಗಿರುತ್ತಿತ್ತು. ತಾನಾಗಿ ಆಗುತ್ತಿರಲಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು.

"ಹೇಳ್ತೀನಿ, ಹೇಳ್ತೀನಿ. ಲೇ, ಮೊದಲು ಏನು ಮಾಡ್ತೀಯೇ?... ಮೊದಲು ದೋಣಿ ಮೂಗನ್ನ ಗಾಳಿ ಬರೋ ಕಡೆಗೆ ತಿರುಗಿಸಬೇಕು ಸ್ವಾಮಿ... ಯಾಕೆ ಅಂದ್ರೆ... ಯಾಕೇ?... ಇಲ್ಲಾಂದ್ರೆ ಎದ್ದ ತಕ್ಷಣ ಹಾಯಿಗೆ ಗಾಳಿ ತುಂಬಿ ಆ ಕಡೆಗೆ ಮಗುಚುತ್ತೆ. ಗಾಳಿ ಯಾವ ಕಡೆ ಅಂತ ತಿಳಿಯೋದು... ರಾಗಿ ತೂರುವಾಗ ನೋಡೋ ಹಾಗೇನೆ ಅಂತೆ. ಹಾಂ, ಆಮೇಲೆ? ದೋಣಿ ಹೊಟ್ಟೆ ಕೆಳಗೆ ಚಾಚಿರೋ ಹಲಗೆ ಹಿಡಿದು, ಅದರ ಮೇಲೆ ಹತ್ತಿ ನಿಂತು, ಅಂಚು ಹಿಡ್ಕೊಂಡು ಹಿಂದಕ್ಕೆ ವಾಲಬೇಕು. ಬಾವಿಯಿಂದ ತುಂಬಿದ ಕೊಡ ಎಳೆಯೋ ಹಾಗೆ..."

"ಸರಿಯಾಗಿದೆಯಾ? ನೂರಕ್ಕೆ ನೂರಾ? ಹೇಳ್ಲಿಲ್ವಾ ನಾನು!... ಯಾರ ದನಿ? ಹೆಂಗಸಿನ ದನಿನಾ? ಅದು... ನಮ್ಮ ಮನೆಯವಳು. ಸುಮ್ನೆ ಜೊತೆಗೆ ಬಂದಿದ್ದಾಳೆ. ಕೆರೆ ಏರಿ ಮೇಲೆ ಕೂತು ನೋಡ್ತಿರ್ತಾಳೆ ಅಷ್ಟೆ..."

ಅಷ್ಟೆ ಅಂದಿದ್ದು ಮುನಿತಾಯಮ್ಮನ ಕಿವಿಗೆ ಬಿತ್ತು. ಅವಳು ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿದಳು. ಆವಲಪ್ಪನಿಗೆ ಮಾತ್ರ ನಾಚಿಕೆಯಾಯಿತು.

"ಈಜಾ? ಅರ್ಜೀಲಿ ಬರೆದಿದ್ದೀನಲ್ಲ, 'ಚೆನ್ನಾಗಿ ಬಲ್ಲೆ' ಅಂತ. ಶಾಲೇಲಿ ನಾನೇ ಕಲಿಸೋದು... ಯಾವ ನೀರಲ್ಲಿ ಅಂತಾನಾ? ನೀರಲ್ಲಿ ಅಲ್ಲ ಸ್ವಾಮಿ, ಬೆಂಚಿನ ಮೇಲೆ. ಮಕ್ಕಳನ್ನ ಬೋರಲು ಮಲಗಿಸಿ, ಸೀಟಿ ಊದಿ, ಕೈ ಒಂದು, ಕಾಲು ಎರಡು... ಅವಳ ಹತ್ರ ಮಾತಾಡಬೇಕಾ? ಅವಳಿಗೆ ಫೋನು ಅಭ್ಯಾಸ ಇಲ್ಲ ಸ್ವಾಮಿ... ಹಟ ಮಾಡ್ತೀರಲ್ಲ. ಬಾರೇ. ಹೀಗೆ ಹಿಡ್ಕೊ. ತಲೆಕೆಳಗು ಹಿಡಿದಿದ್ದೀಯ, ತಿರುಗಿಸು..."

"ಹಲೋ... ಯಾರಪ್ಪಾ ಮಾತಾಡೋದು? ಊಟ ಆಯ್ತಾ ಸ್ವಾಮಿ?... ನಂದೂ ಆಯ್ತು. ಸೊಪ್ಪಿನ ಸಾರು..."

"ಈಜಾ? ಇವ್ರಿಗಾ? ಇಲ್ಲ ಸ್ವಾಮಿ, ಬರಲ್ಲ. ಕಲ್ಲು ಮುಳುಗ್ದಂಗೆ ಮುಳುಗ್ತಾರೆ... ಅಯ್ಯೋ, ಯಾಕೆ ಚಿವುಟ್ತೀರಿ? ಕೇಳಿದ್ರು, ಹೇಳ್ದೆ. ಇಲ್ಲದ್ದನ್ನ ಐತೆ ಅನ್ನಕ್ಕಾಯ್ತದಾ?..."

"ನಂಗಾ? ಬತ್ತದೆ. ನಂದು ನಂದಗುಡಿ ಕಡೆ. ಸೊಂಟಕ್ಕೆ ಸೋರೆ ಬುರುಡೆ ಕಟ್ಟಿ ನಮ್ಮಪ್ಪ ಬಾವಿಗೆ ಬಿಟ್ಬಿಟ್ಟಿದ್ರು, ಐದು ವರ್ಷಕ್ಕೇ... ಹೂಂ, ನಾನೇ ಎಳ್ಕೊಂಡು ಬರೋದು. ಮೊದಲು ಇವ್ರನ್ನ ದೋಣಿ ಬೆನ್ನಿಗೆ ನೇತಾಕ್ತೀನಿ, ಆಮೇಲೆ ದೋಣಿ ಎತ್ತೋದು. ಮೊದಲು ದೋಣಿ ಎತ್ತಕ್ಕೆ ಹೋದ್ರೆ ಇವ್ರು ಇರಲ್ಲ ನೋಡಿ... ಎಲ್ಲಾ ಸಲಾನೂ. ಮೂವತ್ತೊಂದು ಸಲಾನೂ. ಎಳೆಯುವಾಗ್ಲೂ ಸೀಟಿ ಊದ್ತಿರ್ತಾರೆ..."

"ನಡೆಸೋದಾ? ಹೂಂ, ಬತ್ತದೆ. ಇವ್ರನ್ನ ದಡಕ್ಕೆ ಇಳಿಸಿ ಎರಡು ಸುತ್ತು ಹಾಕ್ತೀನಿ, ಹಾಯಿ ಒಣಗಬೇಕಲ್ಲ. ನಾನು ಹೋದಾಗ ಮಗುಚಿಲ್ಲ ಸ್ವಾಮಿ... ಯಾಕೋ ಗೊತ್ತಿಲ್ಲ. ಸುಮ್ನೆ ಕೂತಿರ್ತೀನಿ, ಅದಕ್ಕೇನೋ..."

"ಹೆಸರಾ? ಅರ್ಜಿ ಹಾಕಿದೋರ ಹೆಸರಾ? ಅಯ್ಯೋ, ಅದನ್ನ ನನ್ನ ಬಾಯಲ್ಲಿ ಹೇಳಿಸಬೇಡಿ. ಗಂಡನ ಹೆಸರು ಯಾರಾದ್ರೂ ಹೇಳ್ತಾರಾ? ಇರಿ, ಅವ್ರಿಗೇ ಕೊಡ್ತೀನಿ..."

ಆವಲಪ್ಪ ರಿಸೀವರು ತೆಗೆದುಕೊಂಡ. ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೆಂಗಳೂರಿನ ಮುಂದೆ ಬಟ್ಟೆ ಬಿಚ್ಚಿ ನಿಲ್ಲಿಸಿಬಿಟ್ಟಳಲ್ಲ ಎಂದು ಅವಳ ಮುಖ ನೋಡಿದ. ಬೆಂಚಿಗೆ ಹಿಂತಿರುಗಿ ಕೂತ ಅವಳು ನಗುತ್ತಿದ್ದಳು. ಗೇಲಿಗಲ್ಲ. ಕೆರೆಯ ಮಾತು ಮೊದಲ ಸಲ ಯಾರೋ ಅವಳನ್ನು ಕೇಳಿದ್ದರು. ಅವಳು ಗಾಳಿ ಎಂದರೇನು, ಹಲಗೆ ಎಂದರೇನು ಎಂದು ಹೇಳಿದ್ದನ್ನು ಅಲ್ಲಿ ಒಬ್ಬರು ಬರೆದುಕೊಂಡಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹಾಗೆ ಕೂತಿದ್ದನ್ನು ಅವನು ನೋಡಿರಲಿಲ್ಲ. ಅವನ ಸಿಟ್ಟಿಗೆ ನಿಲ್ಲಲು ಜಾಗವಿಲ್ಲದಂತಾಯಿತು.

"ಹಲೋ... ನಾನೇ ಸ್ವಾಮಿ, ಆವಲಪ್ಪ... ಹಾಂ. ಈಜು ಬರಲ್ಲ. ಸುಳ್ಳು ಬರೆದಿದ್ದೆ, ತಪ್ಪಾಯ್ತು... ಒಂದು ಸೀಟು ಖಾಲಿ ಇದೆಯಾ? ಯಾರ ಹೆಸರು ಅಂತ ಈಗಲೇ ಹೇಳಬೇಕಾ?... ಅಮ್ಮಾ ಎಕ್ಸ್‌ಚೇಂಜು, ಕುಯ್ ಅನ್ನಿಸಬೇಡ, ಒಂದೇ ಒಂದು ನಿಮಿಷ..."

"ಸ್ವಾಮಿ, ಒಂದು ಕೇಳ್ತೀನಿ. ನಮ್ಮೂರಲ್ಲಿ ಒಬ್ರು ತರಬೇತಿ ಆದೋರು ಇದ್ರೆ ದೋಣಿ ಇಲ್ಲೇ ಇರುತ್ತಲ್ಲ?... ಯಾರಾದ್ರೂ ಸರಿನಾ?... ಹೆಂಗಸರು ಬರಕೂಡದು ಅಂತ ನಿಮ್ಮ ನಿಯಮದಲ್ಲಿ ಬರೆದಿದೆಯಾ, ನೋಡಿ... ಇಲ್ಲ, ಅಲ್ವಾ? ಅದು ಯಾರಿಗೂ ಹೊಳೆದೇ ಇಲ್ಲ, ಅಲ್ವಾ? ಹಾಗಾದ್ರೆ ಬರ್ಕೊಳ್ಳಿ."

ತರಬೇತಿಗೆಂದು ಹೊಲಿಸಿದ್ದ ಬಿಳಿ ಚಡ್ಡಿ ಮನೆಯಲ್ಲಿ ಮಡಿಸಿಟ್ಟಿತ್ತು. ಅದನ್ನು ನೆನೆದು ಅವನಿಗೆ ಅಳು ಬಂದಂತಾಯಿತು. ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಮುನಿತಾಯಮ್ಮ... ಹೌದು. ಮು, ನಿ, ತಾ, ಯ, ಮ್ಮ... ಕೂತ್ಕೊಳೇ, ಅದೇನು ಎದ್ದುಬಿಟ್ಟೆ?... ಸೀರೆಲೇ ಬರ್ತಾಳೆ ಸ್ವಾಮಿ, ಕಚ್ಚೆ ಹಾಕಿ ಉಡ್ತಾಳೆ. ನಾಟಿಗೆ ಇಳಿದ ಹಾಗೇ... ಸೋಮವಾರ ಬೆಳಿಗ್ಗೆ ಆರಕ್ಕಾ? ಸರಿ. ಲಾರಿ ಬೇಡ ಅಂತ ಈಗಲೇ ಹೇಳಿಬಿಡಿ... ಹೇಳ್ತೀರಾ? ಆಯ್ತು..."

"ಸಾಕ್ಷಿ?... ನಾನೇ ಸ್ವಾಮಿ. ಬರ್ಕೊಳ್ಳಿ. 'ಈಕೆ ನನ್ನನ್ನು ಮೂವತ್ತೊಂದು ಸಲ ಕೆರೆಯಿಂದ ಎಳೆದು ಹಾಕಿದ್ದಾಳೆ. ಅದನ್ನು ಹೇಳೋದಕ್ಕೆ ನಾನು ಬದುಕಿದ್ದೀನಿ'... ಸಂಬಂಧನಾ? ಗಂಡ... ಏನು? ಸಂಬಂಧಿಕರ ಸಾಕ್ಷಿ ನಡೆಯಲ್ವಾ?... ಹಾಗಾದ್ರೆ ಗಂಡ ಅನ್ನೋದನ್ನ ಹೊಡೆದುಹಾಕಿ."

"ಶಿಷ್ಯ ಅಂತ ಬರೀರಿ... ಹೌದು ಸ್ವಾಮಿ, ಅವಳ ಶಿಷ್ಯ. ಇನ್ನೂ ಕಲೀತಾ ಇದ್ದಾನೆ ಅಂತ... ಹಲೋ? ಬರ್ಕೊಂಡ್ರಾ?... ಹಲೋ?... ಹಲೋ?..."