ಹೇಳಿಕೊಟ್ಟ ಮಾತು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಇಂದಿನ ಸನ್ಮಾನಿತರೇ, ನಮ್ಮ ನಾಟಕ ತಂಡದ ಹಳೆಯ ಹೊಸ ಕಲಾವಿದರೇ, ಬೇಕಾದಾಗ ಎದ್ದು ಹೋಗಲು ಅನುಕೂಲವಾಗುವಂತೆ ಬಾಗಿಲ ಪಕ್ಕದಲ್ಲೇ ಕುಳಿತಿರುವ ಜಾಣ ಸಭಿಕರೇ,

ಕಾರ್ಯದರ್ಶಿಗಳು ನನಗೆ ಏಳು ನಿಮಿಷ ಕೊಟ್ಟಿದ್ದಾರೆ. ಅದು ನನಗೆ ಸಾಲದು ಎಂದು ಅವರಿಗೂ ಗೊತ್ತು. ನಾನು ಹಲ್ಲಿನ ಡಾಕ್ಟರು. ಮೂವತ್ತೊಂಬತ್ತು ವರ್ಷ ಬಾಯಿ ತೆರೆದು ಮಲಗಿದವರ ಮುಂದೆ ಮಾತಾಡಿದವನು. ಅವರು ಎದುರು ಮಾತಾಡುವ ಹಾಗಿಲ್ಲ, ಎದ್ದು ಓಡುವ ಹಾಗೂ ಇಲ್ಲ. ಅಂಥ ಶ್ರೋತೃಗಳು ಯಾವ ಭಾಷಣಕಾರನಿಗೆ ಸಿಕ್ಕಾರು? ನೀವು ಹಾಗಲ್ಲ. ಆದ್ದರಿಂದ ಕೊಂಚ ಹೆದರಿಕೆಯಿಂದಲೇ ಶುರು ಮಾಡುತ್ತೇನೆ.

ತಂಡದ ನಲವತ್ತನೇ ವಾರ್ಷಿಕೋತ್ಸವದ ಈ ಸಂಜೆ ನಾವು ಸನ್ಮಾನಿಸುತ್ತಿರುವುದು ನಟರನ್ನಲ್ಲ, ನಿರ್ದೇಶಕರನ್ನೂ ಅಲ್ಲ. ಒಬ್ಬ ಪ್ರಾಂಪ್ಟರನ್ನು. ರಂಗದ ಪಕ್ಕದ ಪರದೆಯ ಮರೆಯಲ್ಲಿ, ನಾವು ವಿಂಗ್ ಎನ್ನುತ್ತೇವಲ್ಲ ಅಲ್ಲಿ, ಒಂದು ಸ್ಟೂಲಿನ ಮೇಲೆ ಕುಳಿತು, ಮಾತು ಮರೆತ ನಟನಿಗೆ ಮೆಲ್ಲಗೆ ಹೇಳಿಕೊಡುತ್ತಿದ್ದವರನ್ನು. ಹಾಗೆ ಹೇಳಿಕೊಡುತ್ತಿದ್ದುದರಿಂದಲೇ ತಂಡದಲ್ಲಿ ಅವರ ಹೆಸರು ಮೆಲ್ಲಕ್ಕ. ನನಗಿಂತ ಹದಿನೈದು ವರ್ಷ ಚಿಕ್ಕವರು. ಆದರೂ ನನಗೂ ಅವರು ಅಕ್ಕನೇ.

ಆಗ ಅವರು ವಕೀಲರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್. ಆಫೀಸಿಗೆ ಕಂಪ್ಯೂಟರ್ ಬಂದಾಗ ಬೇರೆಯವರು ಗೊಣಗಿದರು, ಇವರು ಕಲಿತರು. ಮುಂದೆ ಪ್ರೋಗ್ರಾಂ ಬರೆಯುವುದನ್ನೂ ಕಲಿತರು. ಈಗ ಐವತ್ಮೂರನೇ ವಯಸ್ಸಿನಲ್ಲಿ, ಇಬ್ಬರು ಸಹೋದ್ಯೋಗಿಗಳನ್ನು ಕಟ್ಟಿಕೊಂಡು ಒಂದು ವಿಡಿಯೊ ಗೇಮ್ ಮಾಡಿದ್ದಾರೆ. ಹೆಸರು ‘ಮೆಲ್ಲಗೆ ಹೇಳು’. ಹೊಸ ಪ್ರಯೋಗಗಳಿಗೆಂದೇ ನಡೆಯುವ ದೊಡ್ಡ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿದೆ. ಇನ್ನೊಮ್ಮೆ ಜೋರಾಗಿ ಚಪ್ಪಾಳೆ ತಟ್ಟಬಹುದು.

ವಿಡಿಯೊ ಗೇಮ್ ಎಂದರೆ ನನಗೆ ಗೊತ್ತಿದ್ದುದು ಗುಂಡು ಹಾರಿಸುವುದು, ಗೋಡೆ ಹಾರುವುದು, ಇಷ್ಟೇ. ಈಗಿನ ಕೆಲವು ಆಟಗಳಲ್ಲಿ ಕಥೆಯೂ ಇರುತ್ತದಂತೆ. ಕಥೆ ಎತ್ತ ಹೋಗಬೇಕೆಂದು ಆಡುವವರೇ ತೀರ್ಮಾನಿಸಬಹುದಂತೆ. ಸನ್ಮಾನಕ್ಕೆ ಕರೆಯಲು ಹೋದಾಗ ಮೆಲ್ಲಕ್ಕನಿಂದಲೇ ಇದನ್ನು ಕೇಳಿ, ‘ಹೌದೇ, ಎಷ್ಟು ಚೆನ್ನ!’ ಎಂದೆ. ಮೆಲ್ಲಕ್ಕ ನಕ್ಕರು. “ಡಾಕ್ಟ್ರೇ, ನೀವು ಪೇಷಂಟಿಗೆ, ಬಲಗಡೆ ಹಲ್ಲು ಮೊದಲು ಕೀಳ್ಲೋ, ಎಡಗಡೇದು ಮೊದಲು ಕೀಳ್ಲೋ ಅಂತ ಕೇಳ್ತೀರಲ್ಲ, ಬಹಳಷ್ಟು ಆಟದಲ್ಲಿ ಅಷ್ಟೇ ಆಯ್ಕೆ ಇರೋದು” ಎಂದರು. ನನ್ನ ಗುಟ್ಟು ಇವರಿಗೆ ಹೇಗೆ ಗೊತ್ತಾಯಿತೋ! ಎರಡೂ ಹಲ್ಲು ಹೋಗುವುದು ಖಾತ್ರಿ. ಆದರೂ ಪೇಷಂಟ್ ಯೋಚಿಸಿ, ಗಂಭೀರವಾಗಿ ‘ಎಡಗಡೆ’ ಎನ್ನುತ್ತಾನೆ. ತಾನೇ ತೀರ್ಮಾನ ಮಾಡಿದೆನೆಂಬ ಸಮಾಧಾನದಲ್ಲಿ ಬಾಯಿ ತೆರೆಯುತ್ತಾನೆ.

ಮೆಲ್ಲಕ್ಕನ ಆಟ ಹಾಗಲ್ಲ. ಅಲ್ಲಿ ನೀವು ನಾಯಕರಲ್ಲ. ಸ್ಕ್ರೀನಿನ ಮೇಲೆ ಒಂದು ನಾಟಕ ನಡೆಯುತ್ತಿರುತ್ತದೆ. ನೀವು ವಿಂಗಿನಲ್ಲಿ ಸ್ಟೂಲಿನ ಮೇಲೆ. ಕೈಯಲ್ಲಿ ನಾಟಕದ ಪುಸ್ತಕ. ನಟನೊಬ್ಬ ಮಾತು ಮರೆಯುತ್ತಾನೆ, ನಿಮ್ಮ ಕಡೆ ನೋಡುತ್ತಾನೆ. ಮೂರು ಸೆಕೆಂಡು. ಪುಸ್ತಕದ ಮಾತನ್ನೇ ಹೇಳಿಕೊಡಬಹುದು. ಅರ್ಧ ಹೇಳಿಕೊಡಬಹುದು. ಬೇರೆಯೇ ಮಾತು ಹೇಳಿಕೊಡಬಹುದು. ಸುಮ್ಮನೆ ಕೂರಬಹುದು. ಆಯ್ಕೆ ನಿಮ್ಮದು. ಆದರೆ ಹೇಳಿಕೊಟ್ಟದ್ದನ್ನು ತೆಗೆದುಕೊಳ್ಳುವುದು, ಬಿಡುವುದು ಆ ನಟನಿಗೆ ಸೇರಿದ್ದು! ಒಮ್ಮೆ ನೀವು ಕೈಕೊಟ್ಟರೆ ಅವನು ಇನ್ನು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಕಥೆಯ ಹಿಡಿತ ಯಾರದು? ಬರೆದವರದೇ? ಆಡುವವರದೇ? ಅಭಿನಯಿಸುವವನದೇ? ಆಟ ಮುಗಿದರೂ ಅದು ಇತ್ಯರ್ಥವಾಗುವುದಿಲ್ಲ. “ಎಲ್ಲಾ ಆಟಗಳೂ ಆಡೋರನ್ನ ರಾಜನ್ನ ಮಾಡ್ತವೆ. ನನಗೆ ರಾಜ ಆಗಿ ಗೊತ್ತಿಲ್ಲ ಡಾಕ್ಟ್ರೇ, ಪಕ್ಕದಲ್ಲಿ ಕೂತು ಗೊತ್ತು” ಎಂದರು ಮೆಲ್ಲಕ್ಕ. ಎಂಥ ಮಾತು ನೋಡಿ!

ಕಳೆದ ವಾರ ನಾನು ಇದನ್ನು ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಆಡಿದೆ. ಊಟದ ಹೊತ್ತಿನಲ್ಲಿ ಶುರು ಮಾಡಿದ್ದು, ನಾಲ್ಕೂವರೆಗೂ ಮುಗಿದಿರಲಿಲ್ಲ. ಹೊರಗೆ ಕೆನ್ನೆ ಊದಿಸಿಕೊಂಡು ಇಬ್ಬರು ಕಾಯುತ್ತಿದ್ದರು. ಅವರಲ್ಲೊಬ್ಬರು ಇವತ್ತು ಇಲ್ಲಿಯೇ ಇದ್ದಾರೆ, ಅವರ ಕ್ಷಮೆ ಕೇಳುತ್ತೇನೆ. ಮೊದಲ ಸಲ ನಾನು ಪುಸ್ತಕದಲ್ಲಿದ್ದುದನ್ನು ಒಂದಕ್ಷರ ಬಿಡದೆ ಹೇಳಿಕೊಟ್ಟೆ. ನಾಟಕ ನೆಟ್ಟಗೆ ಮುಗಿಯಿತು, ಪರದೆ ಬಿತ್ತು, ಪ್ರೇಕ್ಷಕರು ಚಪ್ಪಾಳೆ ತಟ್ಟಿ ಮನೆಗೆ ಹೋದರು. ತಪ್ಪೇನೂ ಆಗಲಿಲ್ಲ, ಆದರೂ ಮನಸ್ಸಿಗೆ ಏನೋ ಪಿಚ್ಚೆನಿಸಿತು. ಮೆಲ್ಲಕ್ಕನಿಗೆ ಫೋನ್ ಮಾಡಿ, “ಇದರಲ್ಲಿ ಸರಿಯಾದ ಕೊನೆ ಯಾವುದು?” ಎಂದು ಕೇಳಿದೆ. “ನಿಮಗೆ ಯಾವಾಗ್ಲೂ ಸರಿಯಾದ್ದೇ ಬೇಕು. ಇನ್ನೊಂದ್ಸಲ ಆಡಿ” ಎಂದರು.

ಎರಡನೇ ಸಲ ಆಡುವಾಗಲೇ ನಾನು ಸಿಕ್ಕಿಬಿದ್ದದ್ದು. ಅದನ್ನು ಹೇಳಬೇಕಾದರೆ ಇಪ್ಪತ್ತೆರಡು ವರ್ಷ ಹಿಂದೆ ಹೋಗಬೇಕು. ಕಾರ್ಯದರ್ಶಿಗಳೇ, ಗಡಿಯಾರ ನೋಡಬೇಡಿ.

ಆಗ ನಾನು ತಂಡದ ಮುಖ್ಯ ನಟ. ನನ್ನ ಮಾತು ನಾನು ಮರೆಯುವುದಿಲ್ಲ ಎಂಬ ಜಂಬ. ಯಾರಾದರೂ ಹೇಳಿಕೊಟ್ಟರೆ ಬೆನ್ನ ಹಿಂದೆ ಕೈ ಆಡಿಸಿ ಬೇಡವೆಂದು ಸನ್ನೆ ಮಾಡುತ್ತಿದ್ದೆ. ರಂಗದ ಮೇಲೆ ಮಾತ್ರವಲ್ಲ, ಮನೆಯಲ್ಲೂ ಅದೇ. ನಮ್ಮ ಮನೆಯವರು, ಅಗೋ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಚಿತ್ರಕಲೆ ಕಲಿತವರು, ಆಗ ನಮ್ಮ ತಂಡದಲ್ಲಿ ನಟಿಯೂ ಹೌದು. ಅವರಿಗೆ ಆ ವರ್ಷ ಬೇರೆ ಊರಿನ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಕಾಗದ ಬಂತು. ಅವರನ್ನು ಕೇಳದೆ, ‘ಸೇರಲು ಇಷ್ಟವಿಲ್ಲ’ ಎಂದು ಉತ್ತರ ಬರೆದು ಅಂಚೆಗೆ ಹಾಕಿದವನು ನಾನು. ಸಂಸಾರದ ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡೆ. ಗೊತ್ತಾದ ದಿನ ಅವರು ಕೂಗಾಡಲಿಲ್ಲ. “ಒಂದಿನ ಆದ್ರೂ ನನ್ನ ಮಾತು ಮುಗಿಯೋಕೆ ಬಿಟ್ಟಿದ್ದೀರಾ?” ಎಂದರು. ಪೆಟ್ಟಿಗೆ ತುಂಬಿಕೊಂಡು ಅಣ್ಣನ ಮನೆಗೆ ಹೋದರು.

ನೋಡಿ, ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಹೇಳಿಯಾಯಿತು, ಮುಂದುವರಿಸುತ್ತೇನೆ.

ಅವರು ಹೋದರೂ ನಾಟಕ ಬಿಡಲಿಲ್ಲ. ಮಾತು ಕೊಟ್ಟಿದ್ದರು. ನಾಲ್ಕು ತಿಂಗಳು ಅಣ್ಣನ ಮನೆಯಿಂದ ನೇರ ರಂಗಕ್ಕೆ ಬರುತ್ತಿದ್ದರು, ಅಭಿನಯಿಸಿ ಹಾಗೆಯೇ ವಾಪಸು. ನಾಟಕದಲ್ಲಿ ನಾವು ಗಂಡ ಹೆಂಡತಿ. ಕೊನೆಯ ದೃಶ್ಯದಲ್ಲಿ ಹೆಂಡತಿ ಪೆಟ್ಟಿಗೆ ಹಿಡಿದು ಮನೆಗೆ ಮರಳುತ್ತಾಳೆ. ಗಂಡ, “ಈ ಬಾಗಿಲು ನಿನಗಿನ್ನು ತೆರೆಯುವುದಿಲ್ಲ, ಹೋಗು” ಎನ್ನುತ್ತಾನೆ. ಪರದೆ. ಹನ್ನೊಂದು ಪ್ರದರ್ಶನಗಳಲ್ಲಿ ಆ ಮಾತನ್ನು ನಾನು ಗುಡುಗಿದ್ದೆ.

ಹನ್ನೆರಡನೆಯದರಲ್ಲಿ ಅದು ಬಾಯಿಗೆ ಬರಲಿಲ್ಲ. ಅವರು ಬಂದು ನಿಂತರು. ಬಣ್ಣ ಹಚ್ಚಿದ್ದರೂ ಮುಖ ಸೊರಗಿದ್ದು ಕಾಣುತ್ತಿತ್ತು. ನಾನು ಬಾಯಿ ತೆರೆದೆ, ಏನೂ ಇಲ್ಲ. ನನ್ನ ಕುರ್ಚಿಯ ಪೇಷಂಟಿನ ಹಾಗೆ ಬಾಯಿ ತೆರೆದುಕೊಂಡೇ ನಿಂತೆ. ಜನ್ಮದಲ್ಲಿ ಮೊದಲ ಸಲ ವಿಂಗಿನ ಕಡೆ ನೋಡಿದೆ. ಮೆಲ್ಲಕ್ಕ ಪುಸ್ತಕ ನೋಡಲಿಲ್ಲ, ನನ್ನನ್ನೇ ನೋಡಿದರು. ಮೆಲ್ಲಗೆ ಹೇಳಿಕೊಟ್ಟರು: “ತಪ್ಪು ನನ್ನದು. ಪೆಟ್ಟಿಗೆ ಕೆಳಗಿಡು.”

ಅದು ನಾಟಕದಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೇಳಿದೆ. ನಮ್ಮ ಮನೆಯವರು ಪೆಟ್ಟಿಗೆ ಕೆಳಗಿಟ್ಟರು. ಪರದೆ ಎಳೆಯುವವನು ಇನ್ನೂ ಮಾತಿದೆಯೆಂದು ಹಗ್ಗ ಹಿಡಿದು ಕಾಯುತ್ತಲೇ ಇದ್ದ.

ಒಳಗೆ ನಾಟಕ ಬರೆದವರು ಕೆಂಡವಾಗಿದ್ದರು. “ಯಾರ್ರೀ ನನ್ನ ನಾಟಕದ ಕತ್ತು ಹಿಸುಕಿದ್ದು?” ಎಂದರು. ನಾನು ಮೆಲ್ಲಕ್ಕನ ಕಡೆ ಬೆರಳು ತೋರಿಸಿದೆ. “ನನಗೆ ಮಾತು ನೆನಪಿತ್ತು, ಇವರೇ ನಡುವೆ ಬಾಯಿ ಹಾಕಿ ದಾರಿ ತಪ್ಪಿಸಿದರು” ಎಂದೆ. ಮೆಲ್ಲಕ್ಕ ಪುಸ್ತಕ ಮುಚ್ಚಿ ಮೇಕಪ್ ಮೇಜಿನ ಮೇಲಿಟ್ಟು ಹೊರಟುಹೋದರು. ಅಂದಿನಿಂದ ಇಂದಿನವರೆಗೆ ಅವರು ಈ ತಂಡದ ಮೆಟ್ಟಿಲು ಹತ್ತಲಿಲ್ಲ. ನಮ್ಮ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯಲ್ಲಿ, ‘ಪ್ರಾಂಪ್ಟರ್ ಒಬ್ಬರ ಅಚಾತುರ್ಯದಿಂದ ನಾಟಕ ಕೆಟ್ಟಿತು’ ಎಂದಿದೆ. ಆ ಲೇಖನ ಬರೆದವನೂ ನಾನೇ.

ಅದೇ ಸಂಜೆ ನಮ್ಮ ಮನೆಯವರು ನನ್ನ ಜೊತೆ ಮನೆಗೆ ಬಂದರು. ಅವರಿಗೆ ಹೇಳಿದ್ದೇನು ಗೊತ್ತೇ? “ಬರೆದವರ ಬಾಯಿಗೆ ಹೆದರಿ ಪ್ರಾಂಪ್ಟರ್ ಮೇಲೆ ಹಾಕಿದೆ. ಆ ಮಾತು ನನ್ನದೇ, ನನ್ನ ಮನಸ್ಸಿನಿಂದ ಬಂದದ್ದು” ಎಂದೆ. ಅಂದರೆ ತಪ್ಪನ್ನು ತಂಡದಲ್ಲಿ ಮೆಲ್ಲಕ್ಕನ ತಲೆಗೆ ಕಟ್ಟಿದೆ, ಕೀರ್ತಿಯನ್ನು ಮನೆಯಲ್ಲಿ ನಾನು ಹೊಡೆದುಕೊಂಡೆ. ಮಾರನೆಯ ದಿನ ಅವರು ಆ ಶಾಲೆಗೆ ತಾವೇ ಹೋಗಿ ಮಾತಾಡಿ, ಇನ್ನೂ ಖಾಲಿಯೇ ಇದ್ದ ಆ ಕೆಲಸಕ್ಕೆ ಸೇರಿ, ಮನೆಯಿಂದಲೇ ಓಡಾಡತೊಡಗಿದರು. ನಾನು ಅಡ್ಡ ಬರಲಿಲ್ಲ. ಇಪ್ಪತ್ತೆರಡು ವರ್ಷ ಚೆನ್ನಾಗಿಯೇ ಬಾಳಿದ್ದೇವೆ. ಆದರೆ ಆ ಮಾತು ನನ್ನದಲ್ಲವೆಂದು ಇವರಿಗೆ ಗೊತ್ತಾದರೆ ಏನು ಗತಿ ಎಂಬ ಅಳುಕು ಒಂದು ದಿನವೂ ಬಿಡಲಿಲ್ಲ.

ಈಗ ಆಟಕ್ಕೆ ಬರುತ್ತೇನೆ. ಮೆಲ್ಲಕ್ಕನ ಆಟದಲ್ಲಿ ನೀವು ಪಿಸುಗುಟ್ಟಿದಾಗ ಸ್ಕ್ರೀನಿನ ಮೇಲೆ ತೆಳುವಾದ ಬೆಳಕಿನ ವೃತ್ತವೊಂದು ಹರಡುತ್ತದೆ. ಆ ವೃತ್ತದೊಳಗೆ ನಿಂತವರಿಗೆಲ್ಲ ನಿಮ್ಮ ಪಿಸುಮಾತು ಕೇಳಿಸುತ್ತದೆ. ಎರಡನೇ ಸಲ ಆಡುವಾಗ ನಾನು ನಾಯಕನಿಗೆ ಹೇಳಿಕೊಟ್ಟೆ. ಬೆಳಕು ಹರಡಿತು. ವಿಂಗಿಗೆ ಹತ್ತಿರ ನಿಂತಿದ್ದವಳು ನಾಯಕಿ. ಬೆಳಕು ಅವಳನ್ನು ದಾಟಿಕೊಂಡೇ ಅವನನ್ನು ಮುಟ್ಟಿತು.

ಆಟ ಅಲ್ಲಿಗೇ ನಿಲ್ಲಿಸಿದೆ. ಅಂದು ಪೆಟ್ಟಿಗೆ ಹಿಡಿದು ನಮ್ಮ ಮನೆಯವರು ಒಳಗೆ ಬಂದದ್ದು ಅದೇ ವಿಂಗಿನಿಂದ. ಮೆಲ್ಲಕ್ಕನಿಂದ ನಾಲ್ಕೇ ಹೆಜ್ಜೆ. ನಾನಿದ್ದದ್ದು ರಂಗದ ನಡುವೆ.

ಕೆನ್ನೆ ಊದಿದವರಿಬ್ಬರಿಗೂ ಮಾತ್ರೆ ಕೊಟ್ಟು ಕಳಿಸಿ ಮನೆಗೆ ಹೋದೆ. ಇವರು ಮೇಜಿನ ಮೇಲೆ ಬ್ರಷ್ ತೊಳೆದು ಒರೆಸುತ್ತಿದ್ದರು. ಅಂದು ಮೆಲ್ಲಕ್ಕ ಹೇಳಿಕೊಟ್ಟದ್ದು ನಿನಗೂ ಕೇಳಿಸಿತ್ತೇ ಎಂದು ನಿಂತಲ್ಲೇ ಕೇಳಿದೆ. “ಕೇಳಿಸಿತ್ತು ರೀ. ನಿಮಗಿಂತ ಮೊದಲು ನನಗೇ ಕೇಳಿಸಿತ್ತು” ಎಂದರು. “ನನ್ನದೇ ಮಾತು ಅಂತ ನೀವು ಕೊಚ್ಚಿಕೊಂಡ್ರಲ್ಲ, ಆಗ ನಗು ತಡೆಯೋಕಾಗದೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತಿದ್ದೆ.”

“ಮತ್ತೆ ಪೆಟ್ಟಿಗೆ ಯಾಕೆ ಕೆಳಗಿಟ್ಟೆ?” ಎಂದೆ. ಅವರು ಬ್ರಷ್ ಒರೆಸುವುದನ್ನು ನಿಲ್ಲಿಸಲಿಲ್ಲ. “ಇನ್ನೊಬ್ರು ಹೇಳಿಕೊಟ್ಟ ಮಾತನ್ನ ನೀವು ತಗೊಂಡಿದ್ದು ಅದುವರೆಗೆ ನಾನು ನೋಡೇ ಇರ್ಲಿಲ್ಲ. ಬೇಡ ಅಂತ ಕೈ ಆಡಿಸಬಹುದಿತ್ತು. ಆಡಿಸ್ಲಿಲ್ಲ. ಅಷ್ಟು ಸಾಕಾಯ್ತು ನನಗೆ.”

ಸಭಿಕರೇ, ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಆದರೆ ಇನ್ನೂ ಒಂದು ಬಾಕಿ ಇತ್ತು. “ಗೊತ್ತಿದ್ದೂ ಮೆಲ್ಲಕ್ಕನ ಮೇಲೆ ಅಪವಾದ ಉಳಿಯೋಕೆ ಬಿಟ್ಟೆಯಾ?” ಎಂದೆ. ತಪ್ಪನ್ನು ಹಂಚಿಕೊಳ್ಳಲು ಒಬ್ಬರು ಸಿಕ್ಕರೆಂಬ ಆಸೆ ನನಗೆ! “ಮಾರನೇ ವಾರವೇ ಅವಳ ಮನೆಗೆ ಹೋಗಿದ್ದೆ. ತಂಡಕ್ಕೆ ಬಂದು ಇದ್ದದ್ದು ಇದ್ದ ಹಾಗೆ ಹೇಳ್ತೀನಿ ಅಂದೆ. ಅವಳೇ ಬೇಡ ಅಂದ್ಳು” ಎಂದರು. “ಡಾಕ್ಟ್ರಿಗೆ ಇದೊಂದನ್ನ ಯಾರೂ ಹೇಳಿಕೊಡಬಾರದು. ಅವರೇ ಹೇಳಲಿ ಅಂದ್ಳು.”

ಇಪ್ಪತ್ತೆರಡು ವರ್ಷ ಕಾದರು ಮೆಲ್ಲಕ್ಕ. ಹೇಳಿಕೊಡುವುದೇ ಕೆಲಸವಾಗಿದ್ದವರು, ತಮ್ಮ ಹೆಸರಿನ ವಿಷಯದಲ್ಲಿ ಮಾತ್ರ ಒಂದಕ್ಷರ ಹೇಳಿಕೊಡದೆ ಕಾದರು. ಇಂಥ ಆಟವನ್ನು ಇನ್ಯಾರು ಮಾಡಬಲ್ಲರು? ಬಹುಮಾನ ಕೊಟ್ಟವರಿಗೆ ಇದು ಗೊತ್ತಿದ್ದರೆ ಇನ್ನೂ ಒಂದು ಬಹುಮಾನ ಸೇರಿಸಿ ಕೊಡುತ್ತಿದ್ದರು.

ಆದ್ದರಿಂದ ಈ ಸಭೆಯ ಮುಂದೆ, ಮೈಕಿನಲ್ಲಿ ಹೇಳುತ್ತಿದ್ದೇನೆ. ಅಂದು ಮಾತು ಮರೆತವನು ನಾನು. ಸಹಾಯಕ್ಕಾಗಿ ನೋಡಿದವನು ನಾನು. ಮೆಲ್ಲಕ್ಕ ನಾಟಕವನ್ನು ಕೆಡಿಸಲಿಲ್ಲ, ನನ್ನನ್ನು ಉಳಿಸಿದರು. ಸುಳ್ಳು ಹೇಳಿ ಇವರನ್ನು ಈ ತಂಡದಿಂದ ಹೊರಗೆ ಹಾಕಿಸಿದವನು ನಾನು. ಕಾರ್ಯದರ್ಶಿಗಳೇ, ಹೊಸ ಸಂಚಿಕೆಯಲ್ಲಿ ಇದನ್ನು ನನ್ನ ಸಹಿಯೊಂದಿಗೆ ಅಚ್ಚು ಹಾಕಿಸಿ.

ಇದರ ಮುಂದೆ ಒಂದು ಒಳ್ಳೆಯ ಸಾಲು ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬೆಳಿಗ್ಗೆ ಕನ್ನಡಿಯ ಮುಂದೆ ಹೇಳಿಯೂ ನೋಡಿದ್ದೆ. ಅದು... ಕ್ಷಮಿಸಿ, ಅದು ಬರುತ್ತಿಲ್ಲ.

ಮೆಲ್ಲಕ್ಕ, ನಿಮ್ಮ ತುಟಿ ಅಲ್ಲಾಡುವುದು ಕಾಣುತ್ತಿದೆ. ನನಗೀಗ ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳಿ. ಸಭೆಗೆ ಕೇಳಿಸಿದರೆ ಕೇಳಿಸಲಿ.

ಹಾಂ? ಸರಿ. “ಎಲ್ಲಾ ಹೇಳಾಯ್ತು, ಬಂದು ಕೂತ್ಕೊಳ್ಳಿ ಡಾಕ್ಟ್ರೇ” ಎನ್ನುತ್ತಿದ್ದಾರೆ.

ಆಗಲಿ. ಕೂರುತ್ತೇನೆ. ಎಲ್ಲರಿಗೂ ಧನ್ಯವಾದ. ನಮಸ್ಕಾರ.